ಮತ್ತೆ ಮತ್ತೆ ನಿಲ್ಲುವ ಗಣಕಯಂತ್ರ: ಒಂದು ಚರಿತ್ರೆ

ಯಂತ್ರವೊಂದು ಒಮ್ಮೆ ಕೆಟ್ಟು ನಿಂತರೆ ಅದನ್ನು ಘಟನೆ ಎನ್ನಬಹುದು. ಅದೇ ಯಂತ್ರ ವಾರಕ್ಕೆ ನಾಲ್ಕು ಸಲ ನಿಲ್ಲತೊಡಗಿದರೆ ಅದಕ್ಕೊಂದು ಚರಿತ್ರೆ ಹುಟ್ಟಿಕೊಂಡಿತೆಂದೇ ಅರ್ಥ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಚರಿತ್ರೆಯನ್ನು ಹೇಳಿಕೊಟ್ಟ ನಾನು ಗಣಕಯಂತ್ರದ ಗೊಡವೆಗೆ ಏಕೆ ಹೋದೆನೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮಿಂಚಂಚೆಯಲ್ಲಿ ಕೇಳಿದ್ದಾರೆ. ಅವರಿಗೆ ನನ್ನ ಉತ್ತರವಿದು: ಪದೇ ಪದೇ ನಿಲ್ಲುವ ಯಂತ್ರದ ಕಾರಣವನ್ನು ಹುಡುಕುವ ಕೆಲಸವೂ ಚರಿತ್ರಕಾರನ ಕೆಲಸವೂ ಬಹುಮಟ್ಟಿಗೆ ಒಂದೇ. ಎರಡರಲ್ಲೂ ನಡೆದುಹೋದದ್ದನ್ನು ಕಣ್ಣಾರೆ ಕಂಡವರಿಲ್ಲ. ಉಳಿದಿರುವುದು ಗುರುತುಗಳು ಮಾತ್ರ. ಎರಡರಲ್ಲೂ ಊಹೆಗಿಂತ ಕಾಲಾನುಕ್ರಮಣಿಕೆ ದೊಡ್ಡದು.

ಬಂಧುಗಳು ಈ ಲೇಖನವನ್ನು ಓದಲೇಬೇಕಾದ ಕಾರಣ ಬೇರೊಂದಿದೆ. ಅದು ನಮ್ಮ ದೊಡ್ಡಮ್ಮನವರ ಧ್ವನಿಗೆ ಸಂಬಂಧಿಸಿದ್ದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ಈ ಯಂತ್ರಗಳ ಪೂರ್ವೇತಿಹಾಸ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕಾರ್ಪಣೆಗೊಂಡ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳನ್ನು ನನ್ನ ವಯಸ್ಸಿನವರು ನೆನೆಯಬಹುದು, ಇವೂ ಅಂಥವೇ. ಅವುಗಳಲ್ಲಿ ಒಂದು ಸುಟ್ಟುಹೋದರೂ ಲೆಕ್ಕ ತಪ್ಪುತ್ತಿತ್ತು. ಅದನ್ನು ನಡೆಸುತ್ತಿದ್ದವರು ಕೆಲಕಾಲ ಗಮನಿಸಿ ಒಂದು ಸಂಗತಿಯನ್ನು ಕಂಡುಕೊಂಡರು. ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವಾಗಲೇ ವಾಲ್ವ್‌ಗಳು ಹೆಚ್ಚಾಗಿ ಕೆಡುತ್ತಿದ್ದವು. ಬಿಸಿಯಾಗಿದ್ದದ್ದು ತಣ್ಣಗಾಗಿ, ತಣ್ಣಗಾದದ್ದು ಮತ್ತೆ ಬಿಸಿಯಾಗುವ ಎಳೆದಾಟವನ್ನು ಅವು ತಾಳುತ್ತಿರಲಿಲ್ಲ. ಆದ್ದರಿಂದ ಯಂತ್ರವನ್ನು ಆರಿಸದೆಯೇ ಇಡತೊಡಗಿದರು. ಕ್ರಮೇಣ ಸುಮಾರು ಎರಡು ದಿನಕ್ಕೊಂದು ವಾಲ್ವ್ ಮಾತ್ರ ಕೆಡುವಷ್ಟಕ್ಕೆ ತೊಂದರೆ ಇಳಿಯಿತು. ಶಾಖದ ಏರಿಳಿತವೆಂಬ ಈ ಶತ್ರು ಮುಂದೆ ನಮ್ಮ ಲ್ಯಾಪ್‌ಟಾಪುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಮರುವರ್ಷದ, ಅಂದರೆ 1947ರ ಸೆಪ್ಟೆಂಬರ್ 9ರ ಕಥೆ ಪ್ರಸಿದ್ಧವಾದುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಗಣಕ ತಪ್ಪು ಲೆಕ್ಕ ಕೊಡತೊಡಗಿತು. ಹುಡುಕಿದಾಗ ಎಫ್ ಫಲಕದ 70ನೆಯ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ಹೊರತೆಗೆದವರು ದಿನಚರಿ ಪುಸ್ತಕದಲ್ಲಿ ಅಂಟಿಸಿ, ನಿಜವಾದ ಹುಳುವೇ ಸಿಕ್ಕ ಮೊದಲ ಪ್ರಸಂಗವೆಂದು ಹಾಸ್ಯವಾಗಿ ಬರೆದಿಟ್ಟರು. ಹಾಸ್ಯ ಏಕೆಂದರೆ, ಯಂತ್ರದ ದೋಷಕ್ಕೆ 'ಬಗ್' ಎನ್ನುವ ರೂಢಿ ಅದಕ್ಕೂ ಬಹಳ ಹಿಂದಿನದು; ಎಡಿಸನ್ 1878ರಲ್ಲಿಯೇ ತನ್ನ ಪತ್ರದಲ್ಲಿ ಆ ಪದವನ್ನು ಬಳಸಿದ್ದ. ಈ ಕಥೆಯನ್ನು ಲೋಕಕ್ಕೆಲ್ಲ ಹರಡಿದವರು ಗ್ರೇಸ್ ಹಾಪರ್. ಹುಳುವನ್ನು ಹಿಡಿದವರು ಅವರಲ್ಲ. ಆ ಪುಟ ಇಂದು ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಜನ ಪತಂಗವನ್ನು ನೋಡಿ ನಗುತ್ತಾರೆ. ನನಗೆ ಪತಂಗಕ್ಕಿಂತ ಆ ಪುಸ್ತಕದ ಮೇಲೆ ಹೆಚ್ಚು ಗೌರವ. ದಿನಾಂಕ, ವೇಳೆ, ಫಲಕದ ಹೆಸರು, ರಿಲೇಯ ಸಂಖ್ಯೆ ಎಲ್ಲವನ್ನೂ ಬರೆಯುವ ಅಭ್ಯಾಸ ಅವರಿಗಿತ್ತು. ಇಲ್ಲದಿದ್ದರೆ ಇಂದು ಆ ಹುಳುವಿನ ಸುದ್ದಿಯೇ ನಮಗೆ ತಿಳಿಯುತ್ತಿರಲಿಲ್ಲ.

ಯಂತ್ರದಲ್ಲಿ ದೋಷವಿಲ್ಲದೆಯೂ ಅದು ನಿಲ್ಲಬಹುದೆಂಬ ಅರಿವು ಬಂದದ್ದು ಸ್ವಲ್ಪ ತಡವಾಗಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1949ರಲ್ಲಿ ಎಡ್ಸ್ಯಾಕ್ ಗಣಕವನ್ನು ನಿರ್ಮಿಸಿದ ಮಾರಿಸ್ ವಿಲ್ಕ್ಸ್, ಮೆಟ್ಟಿಲ ತಿರುವಿನಲ್ಲಿ ತನಗಾದ ಜ್ಞಾನೋದಯವನ್ನು ಮುಂದೆ ನೆನಪಿಸಿಕೊಂಡಿದ್ದಾರೆ. ತಾವೇ ಬರೆದ ಸೂಚನೆಗಳಲ್ಲಿನ ತಪ್ಪುಗಳನ್ನು ಹುಡುಕುವುದರಲ್ಲಿಯೇ ತಮ್ಮ ಉಳಿದ ಆಯುಷ್ಯದ ದೊಡ್ಡ ಭಾಗ ಕಳೆಯಲಿದೆಯೆಂದು ಅಲ್ಲಿ ಅವರಿಗೆ ಹೊಳೆಯಿತಂತೆ. ಹೀಗೆ ನಿಲುಗಡೆಗೆ ಎರಡು ಮೂಲಗಳಾದವು: ಯಂತ್ರಾಂಶದ ದೋಷ, ತಂತ್ರಾಂಶದ ದೋಷ. ಎಲ್ಲ ಪತ್ತೇದಾರಿಕೆಯೂ ಈ ಎರಡರಲ್ಲಿ ಯಾವುದೆಂಬ ಪ್ರಶ್ನೆಯಿಂದಲೇ ಮೊದಲಾಗುತ್ತದೆ.

ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕಟ್ಟಿದ ಟಿಫ್ರಾಕ್ 1960ರಲ್ಲಿ ಕೆಲಸ ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರ ಆರಂಭವಾದದ್ದು 1970ರಲ್ಲಿ. ಆದರೆ 'ಎಲ್ಲವೂ ನಿಂತಿಲ್ಲ, ಒಂದು ಭಾಗ ಮಾತ್ರ ನಿಂತಿದೆ' ಎಂಬ ಬಗೆಯ ತೊಂದರೆಗೆ ಹತ್ತಿರದ ಉದಾಹರಣೆ ನಮ್ಮ ಪಶ್ಚಿಮ ಬೆಂಗಳೂರಿನ ಆಚೆ ತುದಿಯಲ್ಲಿರುವ ಪೀಣ್ಯದ್ದು. ಅಲ್ಲಿನ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಉಡುಪಿಯ ಕಡೆಯವರಾದ ಯು.ಆರ್. ರಾವ್ ಅವರ ಮುಂದಾಳತನದಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಯಿತು. 360 ಕಿಲೋಗ್ರಾಂ ತೂಕದ ಅದನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಮೇಲಕ್ಕೊಯ್ದಿತು. ನಾಲ್ಕೈದು ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೂ ಇಸ್ರೋ ದಾಖಲೆಯಂತೆ ಉಪಗ್ರಹದ ಮುಖ್ಯ ಭಾಗ 1981ರ ಮಾರ್ಚ್‌ವರೆಗೂ ಜೀವಂತವಾಗಿತ್ತು. ಕೈಗೆಟುಕದ ಎತ್ತರದಲ್ಲಿರುವ ಪೆಟ್ಟಿಗೆಯ ತಿರುಪನ್ನು ಬಿಚ್ಚಿ ನೋಡಲಾಗದು. ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದನ್ನು ನೋಡಿಯೇ ದೋಷದ ನೆಲೆಯನ್ನು ಊಹಿಸಬೇಕು. ಬಾಳುವ ಭಾಗವೂ ಸಾಕ್ಷಿ ಹೇಳುತ್ತದೆ ಎಂಬುದು ಇಲ್ಲಿನ ಪಾಠ.

ಇನ್ನು ಕೈಯಲ್ಲಿ ಹಿಡಿದೊಯ್ಯುವ ಗಣಕದ ಕಾಲಕ್ಕೆ ಬರೋಣ. 1981ರಲ್ಲಿ ಬಂದ ಆಸ್ಬೋರ್ನ್ 1 ಹೊಲಿಗೆಯಂತ್ರದ ಪೆಟ್ಟಿಗೆಯಷ್ಟು ದೊಡ್ಡದು, ತೂಕ ಸುಮಾರು 11 ಕಿಲೋಗ್ರಾಂ. ಅದರ ನಿರ್ಮಾತೃ ಆಡಂ ಆಸ್ಬೋರ್ನ್ ಬಾಲ್ಯವನ್ನು ತಮಿಳುನಾಡಿನಲ್ಲಿ ಕಳೆದವರು, 2003ರಲ್ಲಿ ಕೊಡೈಕೆನಾಲ್‌ನಲ್ಲಿಯೇ ತೀರಿಕೊಂಡರು. ಮುಂದೆ ಪೆಟ್ಟಿಗೆ ಪುಸ್ತಕದಷ್ಟು ತೆಳ್ಳಗಾಯಿತು. ಆದರೆ ಒಳಗಿನ ಬೆಂಕಿ ತೆಳ್ಳಗಾಗಲಿಲ್ಲ. ವಿಶಾಲವಾದ ಅಡುಗೆಮನೆಯ ಒಲೆಯನ್ನು ಗೂಡಿನೊಳಗೆ ತಂದಿಟ್ಟಂತೆ, ಲ್ಯಾಪ್‌ಟಾಪಿನ ಶಾಖವೆಲ್ಲ ಒಂದು ಪುಟ್ಟ ಫ್ಯಾನಿನ ಮೂಲಕವೇ ಹೊರಹೋಗಬೇಕು. 2008ರ ಜುಲೈನಲ್ಲಿ ಎನ್‌ವಿಡಿಯಾ ಸಂಸ್ಥೆ ಲ್ಯಾಪ್‌ಟಾಪುಗಳಲ್ಲಿದ್ದ ತನ್ನ ಕೆಲವು ಚಿತ್ರಸಂಸ್ಕಾರಕಗಳು ಅಳತೆ ಮೀರಿ ಕೆಡುತ್ತಿವೆಯೆಂದು ಒಪ್ಪಿ, 15ರಿಂದ 20 ಕೋಟಿ ಡಾಲರುಗಳನ್ನು ಆ ಬಾಬಿಗೆ ತೆಗೆದಿರಿಸಿತು. ಚಿಪ್ಪಿನ ಜೋಡಣೆಗೆ ಬಳಸಿದ ವಸ್ತು ಬಿಸಿ-ತಂಪುಗಳ ಎಳೆದಾಟಕ್ಕೆ ಸಿಲುಕಿ ಸೋಲುತ್ತಿತ್ತು. ಎನಿಯಾಕ್‌ನ ವಾಲ್ವ್‌ಗಳನ್ನು ಕಾಡಿದ ಶತ್ರುವೇ ಅರವತ್ತು ವರ್ಷಗಳ ನಂತರ ವೇಷ ಬದಲಿಸಿ ಬಂದಿದ್ದ.

ಯಂತ್ರ ತಾನು ನಿಲ್ಲುವ ಮುನ್ನ ಒಂದು ಹೇಳಿಕೆ ಬರೆದಿಡಬೇಕೆಂಬ ಪದ್ಧತಿಯೂ ಇದೇ ಕಾಲದಲ್ಲಿ ಮನೆಮನೆಗೆ ತಲುಪಿತು. 1993ರ ಜುಲೈನಲ್ಲಿ ಬಂದ ವಿಂಡೋಸ್ ಎನ್‌ಟಿಯಿಂದ ಮೊದಲುಗೊಂಡು, ಸರಿಪಡಿಸಲಾಗದ ದೋಷ ಕಂಡೊಡನೆ ಪರದೆ ನೀಲಿಯಾಗಿ ಬಿಳಿಯ ಅಕ್ಷರಗಳು ಮೂಡುವುದು ರೂಢಿಯಾಯಿತು. 1998ರ ಏಪ್ರಿಲ್ 20ರಂದು ಷಿಕಾಗೋದ ಪ್ರದರ್ಶನದಲ್ಲಿ ಸ್ವತಃ ಬಿಲ್ ಗೇಟ್ಸ್ ನಿಂತಿದ್ದಾಗ ಸ್ಕ್ಯಾನರ್ ಒಂದನ್ನು ಜೋಡಿಸಿದೊಡನೆ ವಿಂಡೋಸ್ 98 ನೀಲಿ ಪರದೆ ತೋರಿತು. ಸಭೆ ನಕ್ಕಿತು. ವಿಂಡೋಸ್ 95ರದು ಇನ್ನೊಂದು ವಿಚಿತ್ರ. ಅದು ಕಾಲವನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲುಗಳಲ್ಲಿ ಎಣಿಸುತ್ತಿತ್ತು. ಎಣಿಕೆಯ ಮನೆ 429 ಕೋಟಿಯ ಸುಮಾರಿಗೆ ತುಂಬಿ ಸೊನ್ನೆಗೆ ಮರಳುತ್ತಿತ್ತು. ಅದು 49.7 ದಿನಗಳಿಗೆ ಸಮ. ಅಷ್ಟು ದಿನ ಬಿಡದೆ ನಡೆದರೆ ಯಂತ್ರ ಸ್ತಬ್ಧವಾಗಬಹುದಿತ್ತು. ಈ ದೋಷ ಬೆಳಕಿಗೆ ಬಂದದ್ದು 1999ರಲ್ಲಿ. ಬೇರೆ ಕಾರಣಗಳಿಂದ ಮೊದಲೇ ನಿಲ್ಲುತ್ತಿದ್ದ ಯಂತ್ರದಲ್ಲಿ 49 ದಿನ ತುಂಬಿದ ಮೇಲಿನ ದೋಷ ಯಾರಿಗೆ ಕಾಣಬೇಕು? ಒಂದು ದೋಷದ ಹಿಂದೆ ಮತ್ತೊಂದು ಅಡಗಿ ಕೂರಬಲ್ಲದು. ಈ ಮಾತನ್ನು ನೆನಪಿಡಿ. ನನ್ನ ಲ್ಯಾಪ್‌ಟಾಪಿನ ಕಥೆಯಲ್ಲಿ ಇದೇ ತಿರುವು.

ಸ್ಮೃತಿಯ ವಿಷಯವನ್ನೂ ಹೇಳಬೇಕು. ಗಣಕದ ತಾತ್ಕಾಲಿಕ ಸ್ಮೃತಿಗೆ ಜನ ರ‍್ಯಾಮ್ ಎನ್ನುತ್ತಾರೆ. ಅದರೊಳಗೆ ಒಂದು ಅಥವಾ ಸೊನ್ನೆ ಎಂಬುದು ಅತಿ ಸಣ್ಣ ವಿದ್ಯುದಂಶ ಮಾತ್ರ. 1978ರಲ್ಲಿ ಇಂಟೆಲ್ ಸಂಸ್ಥೆಯ ತಿಮೋತಿ ಮೇ ಮತ್ತು ಮರ‍್ರೆ ವುಡ್ಸ್ ಎಂಬವರು, ಚಿಪ್ಪಿನ ಹೊದಿಕೆಯಲ್ಲಿ ಬೆರೆತಿದ್ದ ವಿಕಿರಣಶೀಲ ಧಾತುಗಳ ಕಣಗಳು ಒಂದನ್ನು ಸೊನ್ನೆಯಾಗಿಸಬಲ್ಲವೆಂದು ತೋರಿಸಿದರು. ಮರುವರ್ಷ ಝೀಗ್ಲರ್ ಮತ್ತು ಲ್ಯಾನ್‌ಫರ್ಡ್ ಆಕಾಶದಿಂದ ಬರುವ ವಿಶ್ವಕಿರಣಗಳೂ ಹಾಗೆ ಮಾಡಬಲ್ಲವೆಂದು ಲೆಕ್ಕ ಹಾಕಿದರು. ಈ ವಿಶ್ವಕಿರಣಗಳ ಅಧ್ಯಯನದಲ್ಲಿ ಕನ್ನಡ ನಾಡಿಗೆ ದೊಡ್ಡ ಸ್ಥಾನವಿದೆ. ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಉಪಕರಣಗಳೊಡನೆ ಇಳಿದು, ಆಳಕ್ಕೆ ಹೋದಂತೆ ಆ ಕಣಗಳು ಹೇಗೆ ವಿರಳವಾಗುತ್ತವೆಂದು ಅಳೆಯತೊಡಗಿದರು. 1965ರಲ್ಲಿ ಅದೇ ಗಣಿಯ ಆಳದಲ್ಲಿ ಭಾರತ, ಬ್ರಿಟನ್, ಜಪಾನ್ ವಿಜ್ಞಾನಿಗಳ ತಂಡ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಕಂಡಿತು. ಆದರೆ ಒಂದು ಎಚ್ಚರಿಕೆ: ಮನೆಯ ಗಣಕ ವಾರಕ್ಕೆ ನಾಲ್ಕು ಸಲ ನಿಂತರೆ ಆಕಾಶವನ್ನು ದೂರಬೇಡಿ. ವಿಶ್ವಕಿರಣದ ಪೆಟ್ಟು ಎಲ್ಲೋ ಒಮ್ಮೆ ಬೀಳುವಂಥದು. ಬಿಡದೆ ಮರಳುವ ತಪ್ಪು ಹೆಚ್ಚಾಗಿ ಕೆಟ್ಟ ರ‍್ಯಾಮಿನದು.

ಮರಳಿ ಮರಳಿ ನಿಲ್ಲುವ ಯಂತ್ರದ ಅತ್ಯಂತ ಸುಂದರವಾದ ಪತ್ತೇದಾರಿ ಕಥೆ ಮಂಗಳ ಗ್ರಹದ್ದು. 1997ರ ಜುಲೈ 4ರಂದು ಅಲ್ಲಿಳಿದ ಅಮೆರಿಕದ ಪಾತ್‌ಫೈಂಡರ್ ನೌಕೆ ಕೆಲವೇ ದಿನಗಳಲ್ಲಿ ತನ್ನಷ್ಟಕ್ಕೆ ತಾನೇ ಆರಿ ಹೊತ್ತಿಕೊಳ್ಳತೊಡಗಿತು. ಭೂಮಿಯಲ್ಲಿದ್ದ ಅದರ ತದ್ರೂಪಿ ಯಂತ್ರದ ಮೇಲೆ ಎಂಜಿನಿಯರುಗಳು ಅದೇ ಕೆಲಸಗಳನ್ನು ನಡೆಸಿ, ಹೆಜ್ಜೆಹೆಜ್ಜೆಯನ್ನೂ ದಾಖಲಿಸುತ್ತ ಕಾದರು. ಕೊನೆಗೆ ಅದೇ ನಿಲುಗಡೆ ಭೂಮಿಯಲ್ಲಿಯೂ ಸಂಭವಿಸಿತು. ಕಾರಣವನ್ನು ಶಾಲೆಯ ಭಾಷೆಯಲ್ಲಿ ಹೇಳುತ್ತೇನೆ. ಮುಖ್ಯೋಪಾಧ್ಯಾಯರಿಗೆ ತುರ್ತಾಗಿ ಹಾಜರಿ ಪುಸ್ತಕ ಬೇಕು. ಅದು ಕಿರಿಯ ಗುಮಾಸ್ತನ ಕೈಯಲ್ಲಿದೆ. ಅವನು ಬರೆದು ಮುಗಿಸೋಣವೆಂದರೆ ನಡುವಣ ದರ್ಜೆಯ ಉಪಾಧ್ಯಾಯರು ಒಬ್ಬರ ಹಿಂದೊಬ್ಬರು ಬಂದು ಅವನಿಗೆ ಬೇರೆ ಕೆಲಸ ಹೇಳುತ್ತಾರೆ. ಹೀಗೆ ಎಲ್ಲರಿಗಿಂತ ದೊಡ್ಡವರ ಕೆಲಸವೇ ನಿಂತುಬಿಡುತ್ತದೆ. ಕಾದು ಕಾದು ಸಾಕಾದ ಕಾವಲುಗಾರ ಶಾಲೆಗೇ ರಜೆಯ ಗಂಟೆ ಬಾರಿಸುತ್ತಾನೆ. ನೌಕೆಯಲ್ಲಿ ಆ ಗುಮಾಸ್ತನೆಂದರೆ ಹವಾಮಾನದ ಮಾಹಿತಿ ಕಲೆಹಾಕುವ ಕೆಲಸ. ಪರಿಹಾರ ಸುಲಭವಾಗಿತ್ತು: ಪುಸ್ತಕ ಕೈಯಲ್ಲಿರುವಷ್ಟು ಹೊತ್ತು ಗುಮಾಸ್ತನಿಗೆ ಮುಖ್ಯೋಪಾಧ್ಯಾಯರ ಅಧಿಕಾರವನ್ನೇ ಕೊಡುವುದು. ಆ ತಿದ್ದುಪಡಿಯನ್ನು ಭೂಮಿಯಿಂದಲೇ ಕಳುಹಿಸಿದರು, ನೌಕೆ ಸರಿಹೋಯಿತು.

ಈಗ ನೀಲಿ ಪರದೆಯ ಹಿಂದೆ ಉಳಿಯುವ ಕಡತದ ಬಗೆಗೆ ಎರಡು ಮಾತು. ವಿಂಡೋಸ್ ಹೀಗೆ ನಿಲ್ಲುವಾಗ ತನ್ನ ಕೊನೆಯ ಕ್ಷಣದ ಸ್ಥಿತಿಯನ್ನು 'ಮಿನಿಡಂಪ್' ಎಂಬ ಕಡತಕೋಶದಲ್ಲಿ ಬರೆದಿಡುತ್ತದೆ. ಅದನ್ನು ನಾನು ವೀರಗಲ್ಲೆಂದು ಕರೆಯುತ್ತೇನೆ. ವೀರಗಲ್ಲು ವೀರನ ಇಡೀ ಬಾಳನ್ನು ಹೇಳುವುದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಅವನು ಯಾರೊಡನೆ ಹೇಗೆ ಕಾದಿ ಬಿದ್ದನೆಂಬುದಷ್ಟೇ ಇರುತ್ತದೆ. ಆದರೂ ಆ ಅಲ್ಪ ಸಾಕ್ಷಿಯೇ ಎಷ್ಟೋ ಸಲ ಅಮೂಲ್ಯ. ಬೇಗೂರಿನ ದೇವಾಲಯದಲ್ಲಿರುವ ಸುಮಾರು ಒಂಬತ್ತನೆಯ ಶತಮಾನದ ಕೊನೆಯ ಶಾಸನವನ್ನು ನೆನೆಯಿರಿ. ಬೆಂಗಳೂರಿನ ಕಾಳಗದಲ್ಲಿ ಒಬ್ಬ ಮಡಿದ ಸಂಗತಿಯನ್ನು ಅದು ಹೇಳುತ್ತದೆ. ನಮ್ಮ ಊರಿನ ಹೆಸರಿಗೆ ಸಿಕ್ಕಿರುವ ಅತಿ ಹಳೆಯ ಲಿಖಿತ ಆಧಾರ ಅದೇ. ಊರಿನ ಹೆಸರನ್ನು ಹೇಳಬೇಕೆಂಬುದು ಅದರ ಉದ್ದೇಶವಾಗಿರಲಿಲ್ಲ. ಒಬ್ಬನ ಸಾವನ್ನು ಬರೆದಿಡುವುದಷ್ಟೇ ಉದ್ದೇಶ. ಒಂದು ವೀರಗಲ್ಲಿನಿಂದ ರಾಜ್ಯದ ಚರಿತ್ರೆ ಬರೆಯಲಾಗದು. ಹತ್ತಾರು ವೀರಗಲ್ಲುಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಗಡಿ ಎಲ್ಲಿತ್ತು, ವೈರಿ ಯಾವ ದಿಕ್ಕಿನಿಂದ ಬರುತ್ತಿದ್ದನೆಂಬುದು ತಿಳಿಯುತ್ತದೆ.

ಇದೇ ಉಪಾಯವನ್ನು ಅತ್ತಿಗುಪ್ಪೆಯ ನನ್ನ ಮನೆಯಲ್ಲಿ ಪ್ರಯೋಗಿಸಿದೆ. 2017ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್ ನಿಧಾನವಾಯಿತೆಂದು 2022ರ ಡಿಸೆಂಬರಿನಲ್ಲಿ ಇನ್ನೊಂದು ರ‍್ಯಾಮ್ ಹಾಕಿಸಿದ್ದೆವು. 2023ರ ಫೆಬ್ರವರಿಯ ಹೊತ್ತಿಗೆ ಅದು ಮೇಲಿಂದ ಮೇಲೆ ನಿಲ್ಲತೊಡಗಿತು. ಒಂದು ದುರಸ್ತಿ ಅಂಗಡಿಯವರು ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕೆಂದರು. ಮತ್ತೊಂದರವರು ಮದರ್‌ಬೋರ್ಡ್ ಹೋಗಿದೆಯೆಂದರು. ಇಬ್ಬರೂ ಯಂತ್ರವನ್ನು ಹತ್ತು ನಿಮಿಷ ನೋಡಿದ್ದರಷ್ಟೇ. ಆ ಹತ್ತು ನಿಮಿಷವೂ ಅದು ಸುಮ್ಮನೆ ನಡೆದಿತ್ತು.

ಅಳಿಸುವುದೆಂದರೆ ಏನನ್ನು ಅಳಿಸುವುದು? ಬಂಧುಗಳಿಗೆ ತಿಳಿದಿರುವಂತೆ 2018ರಲ್ಲಿ, ತೊಂಬತ್ತೆರಡರ ವಯಸ್ಸಿನ ದೊಡ್ಡಮ್ಮನವರನ್ನು ಕೂರಿಸಿಕೊಂಡು ನನ್ನ ತಮ್ಮನ ಮಗ ತನ್ನ ಮೊಬೈಲಿನಲ್ಲಿ ಹದಿನಾಲ್ಕು ಗಂಟೆಗಳ ಮಾತನ್ನು ಮುದ್ರಿಸಿಕೊಂಡಿದ್ದ. ಮಾಗಡಿ ಸೀಮೆಯ ನಮ್ಮ ಹಳೆಯ ಮನೆ, ಹೊಲ, ಮದುವೆ ಮುಂಜಿಗಳು, ಸೋಬಾನೆಯ ಹಾಡುಗಳು, 1918ರ ಇನ್‌ಫ್ಲುಯೆಂಜಾ ಜ್ವರದ ಬಗ್ಗೆ ಅವರ ತಾಯಿ ಹೇಳುತ್ತಿದ್ದ ಸಂಗತಿಗಳು ಎಲ್ಲವೂ ಅದರಲ್ಲಿದ್ದವು. 2021ರಲ್ಲಿ ದೊಡ್ಡಮ್ಮ ತೀರಿಕೊಂಡರು. ಹುಡುಗನ ಮೊಬೈಲೂ ಅಷ್ಟರಲ್ಲಿ ಕೆಟ್ಟುಹೋಗಿತ್ತು. ಉಳಿದದ್ದು ಈ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿ ಒಂದೇ.

ಈಗ ಎಂಜಿನಿಯರ್ ಆಗಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಹೇಳಿದ ಮಾತು ಆಗ ಬಹಳ ಉಪಕಾರ ಮಾಡಿತು. "ಸರ್, ಕಾರಣ ಹುಡುಕೋದು ಆಮೇಲೆ. ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಸಿ, ಬೇರೆ ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ನಕಲು ಮಾಡಿಸಿ. ಇದೇ ಯಂತ್ರದಲ್ಲಿ ನಕಲು ಮಾಡಬೇಡಿ," ಎಂದ. ಏಕೆಂದು ಕೇಳಿದೆ. ನಕಲಾಗುವ ಪ್ರತಿಯೊಂದು ಅಕ್ಷರವೂ ರ‍್ಯಾಮಿನ ಮೂಲಕವೇ ಹಾದುಹೋಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ ನಕಲಿನಲ್ಲಿ ತಪ್ಪು ನುಸುಳುತ್ತದೆ, ಅದು ನಮ್ಮ ಗಮನಕ್ಕೂ ಬರುವುದಿಲ್ಲ ಎಂದು ವಿವರಿಸಿದ. ಲಿಪಿಕಾರನ ಕಣ್ಣು ಮಂಜಾಗಿದ್ದರೆ ಓಲೆಗರಿಯ ಪ್ರತಿ ಎಷ್ಟು ಅಂದವಾಗಿದ್ದರೇನು! ಹಾಗೆಯೇ ಮಾಡಿಸಿ, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಪ್ರತಿ ಇರಿಸಿದೆವು. ಒಂದು ನನ್ನಲ್ಲಿದೆ, ಇನ್ನೊಂದು ಮೈಸೂರಿನ ತಂಗಿಯ ಮನೆಯಲ್ಲಿದೆ.

ಆಮೇಲೆ ನೋಟುಪುಸ್ತಕ ತೆರೆದೆ. ಪ್ರತಿ ನಿಲುಗಡೆಗೂ ದಿನಾಂಕ, ವೇಳೆ, ಆಗ ಮಾಡುತ್ತಿದ್ದ ಕೆಲಸ, ಚಾರ್ಜರ್ ಹಾಕಿತ್ತೋ ಇಲ್ಲವೋ, ಕರೆಂಟು ಹೋಗಿ ಬಂದಿತ್ತೋ ಇಲ್ಲವೋ, ಫ್ಯಾನಿನ ಸದ್ದು ಹೇಗಿತ್ತು, ನೀಲಿ ಪರದೆ ಬಂದಿತೋ ಇಲ್ಲವೋ ಎಂಬುದನ್ನು ಬರೆದೆ. ವಿಂಡೋಸಿನೊಳಗೂ 'ರಿಲಯಬಿಲಿಟಿ ಮಾನಿಟರ್' ಎಂಬ ದಿನಚರಿಯೊಂದಿದೆಯೆಂದು ಅದೇ ವಿದ್ಯಾರ್ಥಿ ತೋರಿಸಿಕೊಟ್ಟ. ಯಾವ ದಿನ ಯಾವ ತಂತ್ರಾಂಶ ಬಂದಿತು, ಯಾವ ದಿನ ಯಂತ್ರ ನಿಂತಿತು ಎಂಬುದನ್ನು ಅದು ಸಾಲಾಗಿ ತೋರಿಸುತ್ತದೆ. ಏಪ್ರಿಲ್ ಕೊನೆಗೆ ನನ್ನ ಪುಸ್ತಕದಲ್ಲಿ 31 ನಮೂದುಗಳಾದವು.

ಅವನ್ನು ಎರಡು ಗುಂಪು ಮಾಡಿದಾಗ ವಿಷಯ ತಿಳಿಯಾಗತೊಡಗಿತು. 19 ಸಲ ನೀಲಿ ಪರದೆ ಬಂದು ವೀರಗಲ್ಲು ಉಳಿದಿತ್ತು. ಉಳಿದ 12 ಸಲ ಪರದೆ ತಟ್ಟನೆ ಕಪ್ಪಾಗಿ ಎಲ್ಲವೂ ಆರಿತ್ತು, ವೀರಗಲ್ಲೂ ಇರಲಿಲ್ಲ. ಸರಿಯಾಗಿ ಮುಚ್ಚದೆ ಯಂತ್ರ ನಿಂತಿತೆಂಬ ಒಂದು ಸಾಲಿನ ಟಿಪ್ಪಣಿ ಮಾತ್ರ. ನೀಲಿ ಪರದೆಗಳು ಬೆಳಗಿನ ತಂಪಿನಲ್ಲಿಯೂ ಬಂದಿದ್ದವು, ಒಂದೊಂದು ಸಲವೂ ಒಂದೊಂದು ಹೆಸರು ಹೇಳಿದ್ದವು. ಒಂದೇ ತಂತ್ರಾಂಶದ ತಪ್ಪಾಗಿದ್ದರೆ ದೂರು ಸಾಮಾನ್ಯವಾಗಿ ಒಂದೇ ಹೆಸರಿನ ಮೇಲೆ ಬರಬೇಕು. ಸಾಕ್ಷಿ ಪ್ರತಿ ಸಲ ಬೇರೆಯವರನ್ನು ದೂರಿದರೆ ಸಾಕ್ಷಿಯ ನೆನಪಿನ ಶಕ್ತಿಯನ್ನೇ ಅನುಮಾನಿಸಬೇಕಲ್ಲವೇ? ಹನ್ನೆರಡು ಕಪ್ಪು ನಿಲುಗಡೆಗಳಾದರೋ ಎಲ್ಲವೂ ಮಧ್ಯಾಹ್ನ ಒಂದರಿಂದ ಐದರೊಳಗೆ, ಫ್ಯಾನ್ ಜೋರಾಗಿ ಕೂಗುತ್ತಿದ್ದಾಗ, ಹೆಚ್ಚಾಗಿ ಮೊಮ್ಮಕ್ಕಳೊಡನೆ ವಿಡಿಯೋ ಮಾತುಕತೆಯ ನಡುವೆ ನಡೆದಿದ್ದವು.

ಮೊದಲು ಸ್ಮೃತಿಯ ಪರೀಕ್ಷೆ. 1994ರಿಂದಲೂ ಬಳಕೆಯಲ್ಲಿರುವ ಮೆಮ್‌ಟೆಸ್ಟ್ 86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ನಡೆಸಿ ರಾತ್ರಿಯಿಡೀ ಬಿಟ್ಟೆವು. ಎರಡೂ ರ‍್ಯಾಮ್ ಇದ್ದಾಗ ತಪ್ಪುಗಳು ಬಂದವು. ಹಳೆಯದೊಂದೇ ಇದ್ದಾಗ ಒಂದೂ ಇಲ್ಲ. ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಹೊಸದನ್ನಿಟ್ಟಾಗ ಮತ್ತೆ ತಪ್ಪು. ಹಳೆಯದನ್ನು ಎರಡನೆಯ ಜಾಗದಲ್ಲಿಟ್ಟಾಗ ತಪ್ಪಿಲ್ಲ. ನಾಲ್ಕು ರಾತ್ರಿ, ನಾಲ್ಕು ಪರೀಕ್ಷೆ. ಪ್ರತಿ ಸಲವೂ ಒಂದೇ ಬದಲಾವಣೆ. ಜಾಗ ನಿರ್ದೋಷಿ, ಹೊಸ ರ‍್ಯಾಮ್ ದೋಷಿ ಎಂದು ತೀರ್ಮಾನವಾಯಿತು. ಅದನ್ನು ತೆಗೆಸಿದ ದಿನದಿಂದ ನೀಲಿ ಪರದೆ ಮತ್ತೆ ಬರಲಿಲ್ಲ.

ಮನೆಯವರು ಇನ್ನು ಮುಗಿಯಿತೆಂದರು. ಆದರೆ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಕಪ್ಪು ನಿಲುಗಡೆಗಳು ಮುಂದುವರಿದವು. ಎರಡು ಗುಂಪು ಮಾಡಿರದಿದ್ದರೆ ಸರಿಯಾದ ಮೊದಲ ಉತ್ತರವನ್ನೇ ತಪ್ಪೆಂದು ಬಿಟ್ಟುಬಿಡುತ್ತಿದ್ದೆವು. ಸಂಸ್ಕಾರಕದ ಶಾಖ 100 ಡಿಗ್ರಿ ಸೆಲ್ಷಿಯಸ್ ಸಮೀಪಿಸಿದಾಗ ಅದು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದರೆ ಸುಟ್ಟುಹೋಗದಿರಲೆಂದು ಯಂತ್ರ ತಾನೇ ಆರುತ್ತದೆ. ಆಗ ವೀರಗಲ್ಲು ಕೆತ್ತಲು ವ್ಯವಧಾನವಿರುವುದಿಲ್ಲ. ಬಿಚ್ಚಿಸಿ ನೋಡಿದರೆ ಕಾರ್ಡ್ ರಸ್ತೆಯ ಧೂಳೆಲ್ಲ ಫ್ಯಾನಿನ ಬಾಯಿಗೆ ಕಂಬಳಿ ಹೊದಿಸಿದಂತೆ ಕುಳಿತಿತ್ತು. ಅದನ್ನು ತೆಗೆಸಿ, ಸಂಸ್ಕಾರಕದ ಮೇಲೆ ಒಣಗಿಹೋಗಿದ್ದ ಶಾಖವಾಹಕ ಲೇಪವನ್ನು ಹೊಸದಾಗಿ ಹಚ್ಚಿಸಿದೆವು. ಆ ನಂತರದ ಒಂದು ವರ್ಷ ನೋಟುಪುಸ್ತಕದಲ್ಲಿ ಹೊಸ ನಮೂದು ಬರಲಿಲ್ಲ. ಮದರ್‌ಬೋರ್ಡ್ ಹಳೆಯದೇ, ವಿಂಡೋಸ್ ಕೂಡ ಹಳೆಯದೇ.

ಇದು ಯಂತ್ರಾಂಶದ ಕಥೆಯಾಯಿತು. ತಂತ್ರಾಂಶದ ಕಡೆಯ ಚರಿತ್ರೆಯಲ್ಲಿಯೂ ಬೆಂಗಳೂರಿನ ಹೆಸರಿದೆ. 2003ರ ಸುಮಾರಿಗೆ ವಿಂಡೋಸ್ ಎಕ್ಸ್‌ಪಿಯ ನಿಲುಗಡೆಗಳಲ್ಲಿ ನೂರಕ್ಕೆ 85ರಷ್ಟಕ್ಕೆ ಡ್ರೈವರ್‌ಗಳೇ ಕಾರಣವೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬರೆದಿದ್ದರು. ಡ್ರೈವರ್ ಎಂದರೆ ಪ್ರಿಂಟರ್, ಸ್ಕ್ಯಾನರ್ ಮುಂತಾದವನ್ನು ಗಣಕದೊಡನೆ ಮಾತನಾಡಿಸುವ ದುಭಾಷಿ ತಂತ್ರಾಂಶ. ಆ ದುಭಾಷಿಯ ತಪ್ಪುಗಳನ್ನು ಬಳಕೆಗೆ ಮುನ್ನವೇ ತರ್ಕದಿಂದ ಹಿಡಿಯುವ ಸ್ಲ್ಯಾಮ್ ಎಂಬ ಸಾಧನವನ್ನು ಮೈಕ್ರೋಸಾಫ್ಟಿನ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ರೂಪಿಸಿದರು. ಶ್ರೀರಾಮ್ ಅವರು ಮುಂದೆ, 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರಕ್ಕೆ ಬಂದು ಅದರ ನೇತೃತ್ವವನ್ನೂ ವಹಿಸಿದರು.

ಆದರೂ ದೋಷಗಳ ಸಂತತಿ ಮುಗಿಯಲಿಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಎಂಬ ಒಂದೇ ಅಕ್ಷರದ ಸಂದೇಶ ಬಂದರೆ ಐಫೋನಿನ ಸಂದೇಶ ತಂತ್ರಾಂಶಗಳು ಕುಸಿಯುತ್ತಿದ್ದವು. ಆಪಲ್ ಸಂಸ್ಥೆ ಕೆಲವೇ ದಿನಗಳಲ್ಲಿ ತಿದ್ದುಪಡಿ ಹೊರಡಿಸಿತು. ಒತ್ತಕ್ಷರವೊಂದನ್ನು ಜೋಡಿಸಲಾರದೆ ಯಂತ್ರ ಬಿದ್ದಿತ್ತು. ಜ್ಞಾನದ ಮೊದಲಕ್ಷರವೇ ಅದಕ್ಕೆ ಭಾರವಾಯಿತೆಂದು ನಾವು ಕೆಲವು ಕನ್ನಡ ಮೇಷ್ಟ್ರುಗಳು ನಕ್ಕದ್ದುಂಟು. 2024ರ ಜುಲೈ 19ರಂದು ನಗುವಂತಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ನಮ್ಮ ವೇಳೆಯ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಕಳುಹಿಸಿದ ಒಂದು ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಗಣಕಗಳು ನೀಲಿ ಪರದೆ ತೋರಿ, ಹೊತ್ತಿಸಿದಾಗಲೆಲ್ಲ ಮತ್ತೆ ಬಿದ್ದವು. 20 ಅಂಶಗಳನ್ನು ನಿರೀಕ್ಷಿಸಿದ್ದ ತಂತ್ರಾಂಶ 21ನೆಯದನ್ನು ಹುಡುಕಲು ಹೋಗಿ ತನ್ನದಲ್ಲದ ಸ್ಮೃತಿಯೊಳಕ್ಕೆ ಕೈಯಿಟ್ಟಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಬಹಳಷ್ಟು ಗಣಕಗಳ ಬಳಿಗೆ ಮನುಷ್ಯರೇ ಹೋಗಿ, ಸೇಫ್ ಮೋಡಿನಲ್ಲಿ ತೆರೆದು, ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು.

ಈ ಎಲ್ಲ ಪ್ರಸಂಗಗಳಿಂದ ನಾನು ಕಲಿತದ್ದನ್ನು ವಿದ್ಯಾರ್ಥಿಗಳಿಗೆ ಹೇಳುವುದಾದರೆ ಇಷ್ಟು. ಉಳಿಸಬೇಕಾದದ್ದನ್ನು ಮೊದಲು ಬೇರೆ ಕಡೆಗೆ ಸಾಗಿಸಿ. ಅನಂತರ ಬರೆದಿಡಿ. ಬರೆದದ್ದನ್ನು ವಿಂಗಡಿಸಿ, ಎಲ್ಲ ನಿಲುಗಡೆಗಳಿಗೂ ಒಂದೇ ಕಾರಣವೆಂದು ಭಾವಿಸಬೇಡಿ. ತೊಂದರೆ ಮೊದಲಾದ ದಿನದ ಹಿಂದುಮುಂದು ಏನು ಬದಲಾಯಿತೆಂದು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಿ. ಅಳಿಸಿ ಹೊಸದಾಗಿ ಆರಂಭಿಸುವುದು ಕೊನೆಯ ಉಪಾಯವಾಗಿರಲಿ. ಅಳಿಸಿದರೆ ದೋಷದೊಂದಿಗೆ ಸಾಕ್ಷ್ಯವೂ ಹೋಗುತ್ತದೆ.

ಬಂಧುಗಳಿಗೆ ಹೇಳಬೇಕಾದದ್ದು ಇನ್ನೊಂದು. ದೊಡ್ಡಮ್ಮನವರ ಮಾತುಗಳೆಲ್ಲ ಉಳಿದವು, ಒಂದು ಕಡೆಯ ಹೊರತು. 2023ರ ಫೆಬ್ರವರಿಯಲ್ಲಿ ಹುಡುಗನು ಒಂದು ಕಡತದ ಗರಗರ ಸದ್ದನ್ನು ತೆಗೆದು ಮತ್ತೆ ಉಳಿಸುತ್ತಿದ್ದಾಗಲೇ ಯಂತ್ರ ನಿಂತಿತ್ತು. ಆ ಕಡತದ ನಡುವೆ ಸುಮಾರು ನಾಲ್ಕು ನಿಮಿಷ ಬರಿಯ ಮೌನವಿದೆ. ಮೌನಕ್ಕೆ ಮುಂಚೆ ದೊಡ್ಡಮ್ಮ 1918ರ ಜ್ವರದ ಕಥೆ ಹೇಳುತ್ತ, ತಮ್ಮ ತಾಯಿ ಒಂದೇ ವಾರದಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡರು, ಅವರ ಹೆಸರುಗಳೇನೆಂದರೆ, ಎನ್ನುತ್ತಾರೆ. ಮೌನದ ನಂತರ ಮಾತು ಬಾವಿಯ ನೀರಿನ ವಿಷಯಕ್ಕೆ ಹೋಗಿರುತ್ತದೆ. ವಂಶಾವಳಿಯಲ್ಲಿ ಆ ಎರಡು ಜಾಗಗಳಲ್ಲಿ, ಶಾಸನದ ತ್ರುಟಿತ ಅಕ್ಷರಗಳಿಗೆ ಇಡುವಂತೆ, ಚುಕ್ಕಿಗಳನ್ನಷ್ಟೇ ಇಟ್ಟಿದ್ದೇನೆ. ದೊಡ್ಡಮ್ಮ ಈ ಕಥೆಯನ್ನು ಅಡುಗೆಮನೆಯಲ್ಲೋ ಜಗಲಿಯಲ್ಲೋ ನಿಮ್ಮಲ್ಲಿ ಯಾರಿಗಾದರೂ ಹೇಳಿದ್ದಿರಬಹುದು. ಆ ಮಕ್ಕಳಲ್ಲಿ ಒಬ್ಬರ ಹೆಸರಾದರೂ ನಿಮಗೆ ನೆನಪಿದ್ದರೆ, ಪೂರ್ತಿ ಖಚಿತವಿಲ್ಲದಿದ್ದರೂ ಸರಿಯೇ, ದಯವಿಟ್ಟು ಬರೆದು ತಿಳಿಸಿ. ಯಾರು ಹೇಳಿದರೆಂಬುದನ್ನೂ, ಯಾವ ದಿನ ಹೇಳಿದರೆಂಬುದನ್ನೂ ಜೊತೆಗೆ ನಮೂದಿಸಿಕೊಳ್ಳುತ್ತೇನೆ.